ಡೊಂಬಿವಲಿಯ ಮನೆಗೆ ಬಂದ ‘ಹಾಲಿನ ವೈರಸ್’: ಒಂದು ಸ್ತನ ಕ್ಯಾನ್ಸರ್ ಪ್ರಕರಣ

ರೋಗಿಗೆ 47 ವರ್ಷ. ತವರು ಹಾವೇರಿ ಜಿಲ್ಲೆಯ ಹಾನಗಲ್ ಸೀಮೆ, ಮದುವೆಯಾದ ಮೇಲೆ ಮುಂಬೈ ಪಕ್ಕದ ಡೊಂಬಿವಲಿ ಪೂರ್ವ. ಗಂಡ ಅಂಬರನಾಥದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಮಗ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿದ್ದಾನೆ. ಮಗಳನ್ನು ಪುಣೆಯ ಚಿಂಚವಡಕ್ಕೆ ಕೊಟ್ಟಿದೆ. ಬಾಣಂತನಕ್ಕೆ ಬಂದವಳು ಕೂಸಿಗೆ ಐದು ತಿಂಗಳು ತುಂಬಿದರೂ ಇಲ್ಲೇ ಇದ್ದಳು. ಗುರುತು ಹತ್ತಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ, ರೋಗದ ಸಂಗತಿಯನ್ನು ಮುಟ್ಟಿಲ್ಲ.

ಎಡ ಸ್ತನದ ಮೇಲ್ಭಾಗದಲ್ಲಿ, ಕಂಕುಳಿನ ಕಡೆಗೆ, ಮೂರು ಸೆಂಟಿಮೀಟರಿನಷ್ಟು ಗಂಟು. ನೋವಿಲ್ಲ. ಸ್ನಾನ ಮಾಡುವಾಗ ಕೈಗೆ ಸಿಕ್ಕಿತ್ತು, ಆದರೆ ಮಗಳ ಬಾಣಂತನ ಸಾಂಗವಾಗಿ ಮುಗಿಯಲಿ ಎಂದು ಯಾರ ಹತ್ತಿರವೂ ಬಾಯಿಬಿಡದೆ ತಿಂಗಳುಗಟ್ಟಲೆ ಕಳೆದಿದ್ದರು. ಕೊನೆಗೆ ಮುಂಬೈನ ಪರೇಲಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಬಯಾಪ್ಸಿ ಆಯಿತು. ವರದಿ ‘ಟ್ರಿಪಲ್ ನೆಗೆಟಿವ್’ ಎಂದಿತು. ಈಸ್ಟ್ರೋಜನ್ ಗ್ರಾಹಕ (ಜೀವಕೋಶದಲ್ಲಿ ಆ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನ್), ಪ್ರೊಜೆಸ್ಟರಾನ್ ಗ್ರಾಹಕ, ಹರ್2 ಪ್ರೋಟೀನ್, ಮೂರೂ ಇಲ್ಲದ ಜಾತಿ. ಹಾರ್ಮೋನ್ ಮಾತ್ರೆಗೆ ಬಗ್ಗದ್ದು, ಬೇಗ ಬೆಳೆಯುವಂಥದ್ದು. ಮೊದಲು ಕೀಮೋ ಕೊಟ್ಟು ಗಂಟು ಕುಗ್ಗಿಸಿ ಆಮೇಲೆ ಶಸ್ತ್ರಕ್ರಿಯೆ ಎಂದು ಡಾಕ್ಟರರು ಗೊತ್ತುಮಾಡಿದರು.

ಮುಂಬೈ ಕಾಲೇಜೊಂದರಲ್ಲಿ ಸೂಕ್ಷ್ಮಜೀವಿಶಾಸ್ತ್ರ ಕಲಿಸಿ ನಿವೃತ್ತಳಾದ ನಾನು, ಹುಬ್ಬಳ್ಳಿ, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಪರೇಲಿಗೆ ಬರುವ ರೋಗಿಗಳಿಗೆ ಫಾರ್ಮು ತುಂಬಿಕೊಡುತ್ತ, ಡಾಕ್ಟರರ ಹಿಂದಿ–ಮರಾಠಿಯನ್ನು ಕನ್ನಡದಲ್ಲಿ ಹೇಳುತ್ತ ಓಡಾಡಿಕೊಂಡಿರುತ್ತೇನೆ. ಈ ಕುಟುಂಬಕ್ಕೆ ಮರಾಠಿ ನೀರು ಕುಡಿದಷ್ಟು ಸಲೀಸು, ದುಭಾಷಿ ಬೇಕಿರಲಿಲ್ಲ. ನನ್ನನ್ನು ಕರೆದದ್ದು ಬೇರೆಯದೇ ಕಾರಣಕ್ಕೆ. ಒಪಿಡಿ ಸಾಲಿನಲ್ಲಿ ಪಕ್ಕ ಕೂತ ಗಂಡ ಮೆಲ್ಲಗೆ ಕೇಳಿದರು: “ಮೇಡಂ, ನೀವು ವೈರಸ್ ಬಗ್ಗೆ ಕಲಿಸ್ತಿದ್ರಂತ. ಇದು ಹಾಲಿನಿಂದ ಬರ್ತದೇನ್ರೀ?”

ಮನೆಯೊಳಗೆ ಆಗುತ್ತಿದ್ದದ್ದು

ಮನೆಗೆ ಹೋಗಿ ನೋಡಿದೆ. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸ್ಟೀಲಿನ ತಾಟು, ಒಂದು ಲೋಟ, ಒಂದು ಚಮಚ ಬೇರೆ ಇಟ್ಟಿದ್ದವು. ಕಲಸಿಹೋಗಬಾರದೆಂದು ಮೂರರ ಹಿಂಬದಿಗೂ ಕೆಂಪು ನೇಲ್ ಪಾಲಿಶ್‌ನ ಚುಕ್ಕೆ. ಹಚ್ಚಿದವರು ಬೇರೆ ಯಾರೂ ಅಲ್ಲ, ರೋಗಿಯೇ. ಯಾರೂ ಹೇಳುವ ಮೊದಲೇ ತಾವಾಗಿ ದೂರ ಸರಿದುಬಿಟ್ಟಿದ್ದರು. ಮೊಮ್ಮಗುವನ್ನು ಎತ್ತಿಕೊಳ್ಳುವುದನ್ನೂ ನಿಲ್ಲಿಸಿದ್ದರು.

ಮಗಳ ಸ್ಥಿತಿ ಅದಕ್ಕಿಂತ ಕೆಟ್ಟದಿತ್ತು. ಸ್ತನ ಕ್ಯಾನ್ಸರಿಗೆ ವೈರಸ್ಸೇ ಕಾರಣ, ತಾಯಿಯ ಹಾಲಿನಿಂದ ಮಗಳಿಗೆ ಇಳಿಯುತ್ತದೆ, ಇದು ಮುಂಬೈನಲ್ಲೇ ಐವತ್ತು ವರ್ಷದ ಹಿಂದೆ ಪತ್ತೆಯಾಗಿತ್ತು, ಮುಚ್ಚಿಟ್ಟರು ಎಂಬ ವಾಟ್ಸ್ಯಾಪ್ ಸಂದೇಶ ಓದಿ ಕೂಸಿಗೆ ಹಾಲು ಬಿಡಿಸಿದ್ದಳು, ಒಂದೇ ಏಟಿಗೆ. ಹಾಲು ಕಟ್ಟಿಕೊಂಡು ಎದೆ ಕಲ್ಲಾಯಿತು, ಜ್ವರ ಬಂತು, ಬಲಗಡೆ ಒಂದು ಗಂಟು ಕೈಗೆ ಸಿಕ್ಕಿತು. ಅಮ್ಮನಿಗೂ ಗಂಟು, ನನಗೂ ಗಂಟು ಎಂದು ಆ ಹುಡುಗಿ ರಾತ್ರಿಯೆಲ್ಲ ಕೂತಿದ್ದಳಂತೆ. ಅಲ್ಟ್ರಾಸೌಂಡ್ ಮಾಡಿಸಿದಾಗ ಅದು ಹಾಲಿನ ನಾಳ ಕಟ್ಟಿದ್ದು ಎಂದು ತಿಳಿಯಿತು.

ಇವರನ್ನು ನಂಬಿಸಿದ್ದು ಬರೀ ಆ ಸಂದೇಶವಲ್ಲ. ಮನೆಯ ಚರಿತ್ರೆಯೇ ಅದಕ್ಕೆ ಸಾಕ್ಷಿ ಹೇಳುವಂತಿತ್ತು. ರೋಗಿ ಹುಟ್ಟಿದಾಗ ಅವರ ತಾಯಿಗೆ ಬಾಣಂತಿ ಸನ್ನಿ. ತಿಂಗಳುಗಟ್ಟಲೆ ಹಾಲು ಕುಡಿಸಿದ್ದು ಅದೇ ಮನೆಯಲ್ಲಿ ತನ್ನ ಕೂಸು ಹೊತ್ತುಕೊಂಡಿದ್ದ ಸೋದರತ್ತೆ, ಅಂದರೆ ಅಪ್ಪನ ತಂಗಿ. ಆ ಅತ್ತೆ ನಲವತ್ತರ ಆಸುಪಾಸಿನಲ್ಲಿ ಎದೆಯ ಹುಣ್ಣಿನಿಂದ ತೀರಿಕೊಂಡರು. ಅವರ ಮಗಳು ಮುಂದೆ ಅಂಡಾಶಯದ ಕ್ಯಾನ್ಸರಿನಿಂದ ಹೋದಳು. ಈಗ ಅದೇ ಹಾಲು ಕುಡಿದ ಇವರಿಗೆ. “ಅತ್ತೀ ಹಾಲು ಕುಡದಾಕೀನ ನಾನು. ನಾವಿಬ್ರೂ ಒಂದಾ ಮೊಲೀ ಹಾಲು ಕುಡದ್ವಿ, ಇಬ್ರಿಗೂ ಹತ್ತಿತು” ಎಂದರು ರೋಗಿ. ಅವರ ತರ್ಕದಲ್ಲಿ ಓರೆಕೋರೆ ಏನೂ ಇರಲಿಲ್ಲ. ಕಣ್ಣೆದುರಿನ ಮೂರು ಸಾವು–ನೋವಿಗೆ ಒಂದೇ ಎಳೆ ಹುಡುಕಿದ್ದರು, ಸಿಕ್ಕಿತ್ತು. ಇಂಥವರಿಗೆ ‘ಅದೆಲ್ಲ ಸುಳ್ಳು ಫಾರ್ವರ್ಡ್’ ಎಂದು ಕೈ ಒದರಿ ಎದ್ದುಬರುವುದು ಅನ್ಯಾಯ. ಯಾಕೆಂದರೆ ಪೂರ್ತಿ ಸುಳ್ಳೂ ಅಲ್ಲ.

ಸಂದೇಶದಲ್ಲಿ ನಿಜ ಎಷ್ಟು

1936ರಲ್ಲಿ ಅಮೆರಿಕದ ಜಾಕ್ಸನ್ ಪ್ರಯೋಗಾಲಯದ ಜಾನ್ ಬಿಟ್ನರ್ ಎಂಬಾತ ಇಲಿಗಳ ಮೇಲೆ ಸರಳವಾದ ಪ್ರಯೋಗ ಮಾಡಿದ. ಸ್ತನ ಗಡ್ಡೆ ಹೆಚ್ಚಾಗಿ ಬರುವ ತಳಿಯ ಮರಿಗಳನ್ನು ಹುಟ್ಟಿದ ಕೂಡಲೇ ಎತ್ತಿ, ಗಡ್ಡೆ ಅಪರೂಪವಾದ ತಳಿಯ ತಾಯಿಯ ಹತ್ತಿರ ಹಾಲು ಕುಡಿಯಲು ಬಿಟ್ಟ. ಆ ಮರಿಗಳಲ್ಲಿ ಗಡ್ಡೆ ಬರುವುದು ತೀರಾ ಕಡಿಮೆಯಾಯಿತು. ಹಾಲಿನಲ್ಲಿ ಏನೋ ಇದೆ ಎಂದ, ವೈರಸ್ ಎಂಬ ಪದ ಬಳಸದೆ ‘ಹಾಲಿನ ಅಂಶ’ ಎಂದು ಕರೆದ. ಅದೇ ಇಂದಿನ ಎಂಎಂಟಿವಿ, ಇಲಿಯ ಸ್ತನ ಗಡ್ಡೆಯ ವೈರಸ್. ಮರಿಯ ಕರುಳಿನಿಂದ ರಕ್ತಕಣಕ್ಕೆ, ರಕ್ತಕಣದಿಂದ ಸ್ತನದ ಜೀವಕೋಶಕ್ಕೆ ಹೋಗಿ, ಅಲ್ಲಿನ ಡಿಎನ್ಎಯಲ್ಲಿ ತನ್ನನ್ನು ಹೊಲಿದುಕೊಳ್ಳುತ್ತದೆ. ಹೊಲಿದುಕೊಂಡ ಜಾಗ ಬೆಳವಣಿಗೆಯ ಜೀನಿನ ಪಕ್ಕವಾದರೆ ಗಡ್ಡೆ. ಅಂಥ ಮೊದಲ ಜೀನನ್ನು 1982ರಲ್ಲಿ ನುಸ್ಸೆ ಮತ್ತು ವಾರ್ಮಸ್ ಹಿಡಿದರು. ಇದರಲ್ಲಿ ಯಾವುದಕ್ಕೂ ತಕರಾರಿಲ್ಲ, ಆದರೆ ಇದು ಇಲಿಯ ಕತೆ.

ಮುಂಬೈ ಕತೆಗೆ ಬಂದದ್ದು 1970ರ ಸುಮಾರಿಗೆ. ಇಲ್ಲಿನ ಪಾರ್ಸಿ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಉಳಿದ ಸಮುದಾಯಗಳಿಗಿಂತ ಹೆಚ್ಚು. ತಮ್ಮತಮ್ಮಲ್ಲೇ ಮದುವೆಯಾಗುವ ಚಿಕ್ಕ ಸಮುದಾಯ. ಮನುಷ್ಯರ ಹಾಲಿನಲ್ಲೂ ಇಲಿಯದರಂಥ ವೈರಸ್ ಇದ್ದರೆ ಸಿಗಬೇಕಾದ್ದು ಇಲ್ಲೇ ಎಂದು ಅಮೆರಿಕದ ಡಾನ್ ಮೂರ್ ತಂಡ ಬಾಂಬೆಯ ವಿಜ್ಞಾನಿಗಳ ಜತೆ ಸೇರಿತು. ಕ್ಯಾನ್ಸರ್ ರಿಸರ್ಚ್ ಇನ್ಸ್ಟಿಟ್ಯೂಟ್‌ನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಲಸ ಕಟ್ಟಿ ಬೆಳೆಸಿದ ಸತ್ಯವತಿ ಸಿರ್ಸಾಟ್, ಟಾಟಾ ಮೆಮೋರಿಯಲ್‌ನ ಸರ್ಜನ್ ಪೇಮಾಸ್ಟರ್ ಅದರಲ್ಲಿದ್ದರು. ಪಾರ್ಸಿ ತಾಯಂದಿರ ಹಾಲಿನಲ್ಲಿ ಇಲಿಯ ವೈರಸ್ಸನ್ನು ಹೋಲುವ ಕಣಗಳು ಸಾಮಾನ್ಯ ಅಮೆರಿಕನ್ ಮಹಿಳೆಯರ ಹಾಲಿಗಿಂತ ಎಷ್ಟೋ ಹೆಚ್ಚು ಬಾರಿ ಕಂಡವು. 1971ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು, ಜಗತ್ತೆಲ್ಲ ಓದಿತು. ಮುಚ್ಚಿಟ್ಟರು ಎಂಬುದು ಹಸಿ ಸುಳ್ಳು.

ಆಮೇಲೆ ಏನಾಯಿತು ಎಂಬುದನ್ನು ಮಾತ್ರ ಫಾರ್ವರ್ಡ್ ಹೇಳುವುದಿಲ್ಲ. ಹಾಲಿನಲ್ಲಿ ಕೊಬ್ಬಿನ ಹನಿಗಳ, ಜೀವಕೋಶಗಳ ಪೊರೆಯ ಚೂರುಗಳು ಲೆಕ್ಕವಿಲ್ಲದಷ್ಟು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ದುಂಡಗಿನ ಕಣವೊಂದನ್ನು ನೋಡಿ ವೈರಸ್ಸೋ ಚೂರೋ ಎಂದು ಹೇಳುವುದು ಪಳಗಿದ ಕಣ್ಣಿಗೂ ಕಷ್ಟ. ಕಂಡ ಕಣಗಳು ವೈರಸ್ ಅಹುದೇ ಎಂಬ ಸಂಶಯವನ್ನು ಮೂರ್ ಮತ್ತು ಸಂಗಡಿಗರೇ ಮುಂದೆ ಎತ್ತಿದರು. ಪಾರ್ಸಿಗಳಲ್ಲಿ ಕ್ಯಾನ್ಸರ್ ಹೆಚ್ಚಿರುವುದಕ್ಕೆ ತಡವಾದ ಮದುವೆ, ತಡವಾದ ಹೆರಿಗೆ, ಕಡಿಮೆ ಮಕ್ಕಳು, ದೀರ್ಘ ಆಯಸ್ಸು ಇವೇ ಬಹುಪಾಲು ಉತ್ತರ ಕೊಡುತ್ತವೆ.

ಅಷ್ಟಕ್ಕೇ ಕತೆ ಮುಗಿಯಲಿಲ್ಲ. 1995ರಲ್ಲಿ ನ್ಯೂಯಾರ್ಕಿನಲ್ಲಿ ಬೀಟ್ರಿಸ್ ಪೋಗೋ ಮತ್ತು ಜೇಮ್ಸ್ ಹಾಲೆಂಡ್ ತಂಡ 314 ಸ್ತನ ಗಡ್ಡೆಗಳನ್ನು ಪರೀಕ್ಷಿಸಿ ಶೇ. 38ಕ್ಕೂ ಹೆಚ್ಚಿನವುಗಳಲ್ಲಿ ಇಲಿಯ ವೈರಸ್ಸಿನ ಜೀನನ್ನು ಹೋಲುವ ತುಣುಕು ಸಿಕ್ಕಿತೆಂದು ಬರೆಯಿತು. 2003ರಲ್ಲಿ ಆಸ್ಟ್ರೇಲಿಯಾದ ಗುಂಪಿಗೆ ಅಲ್ಲಿನ ಮಹಿಳೆಯರ ಗಡ್ಡೆಗಳಲ್ಲಿ ಶೇ. 42, ವಿಯೆಟ್ನಾಂ ಮಹಿಳೆಯರಲ್ಲಿ ಶೇ. 1ಕ್ಕೂ ಕಡಿಮೆ ಸಿಕ್ಕಿತು. ಬೇರೆ ಹಲವರು ಹುಡುಕಿ ಬರಿಗೈಯಲ್ಲಿ ಬಂದರು. ಒಬ್ಬರಿಗೆ ಅರ್ಧದಷ್ಟು, ಇನ್ನೊಬ್ಬರಿಗೆ ಸೊನ್ನೆ ಎಂದಾಗ ನನ್ನಂಥ ಲ್ಯಾಬಿನವರ ಕಣ್ಣು ಮೊದಲು ಹೋಗುವುದು ಕಲಬೆರಕೆಯ ಕಡೆಗೆ. ಪಿಸಿಆರ್ ಎನ್ನುವುದು ಒಂದೇ ಒಂದು ತುಣುಕನ್ನು ಕೋಟಿಗಟ್ಟಲೆ ಮಾಡುವ ವಿಧಾನ, ಲ್ಯಾಬಿನ ಧೂಳಿನಲ್ಲಿದ್ದ ತುಣುಕನ್ನೂ ಕೋಟಿ ಮಾಡುತ್ತದೆ. ಇಲಿಗಳ ಸ್ವಂತ ಡಿಎನ್ಎಯಲ್ಲೇ ಈ ವೈರಸ್ಸಿನ ಪ್ರತಿಗಳು ಕೂತಿವೆ. ಕೆಲವು ಪಿಸಿಆರ್ ಕಿಣ್ವಗಳ ಜತೆ ಬೆರೆಸುವ ಪ್ರತಿಕಾಯವನ್ನು ತಯಾರಿಸುವುದೂ ಇಲಿಯ ಜೀವಕೋಶಗಳಿಂದ. ಅಂದರೆ ಬಾಟಲಿ ಬಿಚ್ಚುವ ಮೊದಲೇ ಇಲಿ ಒಳಗಿರಬಹುದು. ಎಕ್ಸ್‌ಎಂಆರ್‌ವಿ ಎಂಬ ಇನ್ನೊಂದು ಇಲಿ ಸಂಬಂಧಿ ವೈರಸ್ ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿದೆ ಎಂದು 2006ರಲ್ಲಿ, ತೀರದ ಆಯಾಸದ ಕಾಯಿಲೆಯಲ್ಲಿದೆ ಎಂದು 2009ರಲ್ಲಿ ಗದ್ದಲವೆದ್ದು, ಅದು ಲ್ಯಾಬಿನಲ್ಲೇ ಹುಟ್ಟಿದ್ದೆಂದು ತಿಳಿದು 2011ರಲ್ಲಿ ಪ್ರಬಂಧವನ್ನೇ ವಾಪಸ್ ಪಡೆದದ್ದು ನಮ್ಮ ಕ್ಷೇತ್ರದವರ್ಯಾರೂ ಮರೆಯುವ ಸಂಗತಿಯಲ್ಲ. ಹಾಗೆಂದು ಮನುಷ್ಯರ ಎಂಎಂಟಿವಿ ವಾದಿಗಳೆಲ್ಲ ಎಡವಿದ್ದಾರೆಂದು ನಾನು ಹೇಳುವುದಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಜೀವಕೋಶಗಳನ್ನು ಈ ವೈರಸ್ ಹೊಕ್ಕಬಲ್ಲದೆಂದು ತೋರಿಸಿದವರಿದ್ದಾರೆ. ಬಾಗಿಲು ಪೂರ್ತಿ ಮುಚ್ಚಿಲ್ಲ.

ಆದರೂ ನನ್ನ ಮನಸ್ಸು ‘ಇಲ್ಲ’ದ ಕಡೆಗೇ ವಾಲುವುದು ಒಂದು ಕಾರಣಕ್ಕೆ, ಅದಕ್ಕೆ ಪಿಸಿಆರ್ ಬೇಕಿಲ್ಲ. ವೈರಸ್ಸಿನಿಂದ ಬರುವ ಕ್ಯಾನ್ಸರುಗಳಲ್ಲಿ ಹಲವು ದೇಹದ ರೋಗನಿರೋಧಕ ಶಕ್ತಿ ಕುಸಿದಾಗ ಏರುತ್ತವೆ. ಏಡ್ಸ್ ಆದವರಲ್ಲಿ, ಕಿಡ್ನಿ ಕಸಿ ಮಾಡಿಸಿಕೊಂಡು ಆ ಶಕ್ತಿಯನ್ನು ತಗ್ಗಿಸುವ ಔಷಧ ತಿನ್ನುವವರಲ್ಲಿ ಕಪೋಸಿ ಸಾರ್ಕೋಮಾ, ಕೆಲವು ಲಿಂಫೋಮಾ, ಗರ್ಭಕಂಠದ ಕ್ಯಾನ್ಸರ್ ಎಲ್ಲವೂ ಹೆಚ್ಚು. 2007ರಲ್ಲಿ ಈ ಎರಡೂ ಗುಂಪುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸ್ತನ ಕ್ಯಾನ್ಸರ್ ಏರಿರಲಿಲ್ಲ. ಇನ್ನು ತಾಯಿಯ ಹಾಲು ಕುಡಿದ ಹೆಣ್ಣುಮಕ್ಕಳಿಗೆ ದೊಡ್ಡವರಾದ ಮೇಲೆ ಸ್ತನ ಕ್ಯಾನ್ಸರ್ ಹೆಚ್ಚೇ ಎಂದು ಕೇಳಿ ನೋಡಿದ ಅಧ್ಯಯನಗಳನ್ನು ಒಟ್ಟು ಮಾಡಿದರೆ, ಕುಡಿಯದವರಿಗಿಂತ ಹೆಚ್ಚಿಲ್ಲ. ಇಲಿಯ ಕತೆ ನಮ್ಮಲ್ಲೂ ನಿಜವಾಗಿದ್ದರೆ ಅದು ಇಲ್ಲೇ ಎದ್ದು ಕಾಣಬೇಕಿತ್ತು.

ಮಗನದ್ದು ಇನ್ನೊಂದು ಪ್ರಶ್ನೆ. ಹಸುವಿನ ವೈರಸ್ಸೂ ಇದೆಯಂತಲ್ಲ? ಮನೆಯಲ್ಲಿ ಹಾಲಿನ ಚೀಲವನ್ನೇ ನಿಲ್ಲಿಸಿದ್ದರು. ಇದೆ. ಬೊವೈನ್ ಲ್ಯುಕೀಮಿಯಾ ವೈರಸ್. ಬರ್ಕ್ಲಿಯ ಗರ್ಟ್ರೂಡ್ ಬ್ಯೂರಿಂಗ್ 2015ರಲ್ಲಿ ಇದರ ಡಿಎನ್ಎ ಕ್ಯಾನ್ಸರ್ ಆದವರ ಸ್ತನ ಅಂಗಾಂಶದಲ್ಲಿ ಶೇ. 59, ಆಗದವರಲ್ಲಿ ಶೇ. 29 ಸಿಕ್ಕಿತೆಂದು ಬರೆದರು. ಮರುವರ್ಷವೇ 51 ಸ್ತನ ಗಡ್ಡೆಗಳ ಇಡೀ ಜೀನೋಮ್ ಓದಿದ ಇನ್ನೊಂದು ತಂಡಕ್ಕೆ ಒಂದರಲ್ಲೂ ಅದರ ಸುಳಿವಿರಲಿಲ್ಲ. ಪಾಶ್ಚರೀಕರಣಕ್ಕೆ ಈ ವೈರಸ್ ಸಾಯುತ್ತದೆ, ನಾವು ಪಾಶ್ಚರೀಕರಿಸಿದ ಹಾಲನ್ನೂ ಉಕ್ಕುವ ತನಕ ಕಾಯಿಸುವವರು. ಹಾನಗಲ್ಲಿನಲ್ಲಿ ಚಿಕ್ಕಂದಿನಲ್ಲಿ ಕೊಟ್ಟಿಗೆಯಲ್ಲೇ ನೊರೆಹಾಲು ಕುಡಿದದ್ದನ್ನು ನೆನೆದು ರೋಗಿಗೆ ದಿಗಿಲಾಯಿತು. ಹಸಿ ಹಾಲಿಗೆ ಹೆದರಲು ಬ್ರುಸೆಲ್ಲೋಸಿಸ್, ಕ್ಷಯ ಎಂಬ ಗಟ್ಟಿ ಕಾರಣಗಳೇ ಇವೆ, ಕ್ಯಾನ್ಸರಿನ ಹೆಸರು ಬೇಕಿಲ್ಲ ಎಂದೆ.

ಅಳಿಯ ಪುಣೆಯಿಂದ ಫೋನು ಮಾಡಿ, ಅಲ್ಲೇ ತಯಾರಾಗುವ ಎಚ್‌ಪಿವಿ ಲಸಿಕೆ ‘ಸರ್ವಾವ್ಯಾಕ್’ ಹಾಕಿಸಿದರೆ ಹೆಂಡತಿಗೆ ಇದು ಬರುವುದಿಲ್ಲವೇ ಎಂದು ಕೇಳಿದ. ಆ ಲಸಿಕೆ ಗರ್ಭಕಂಠದ ಕ್ಯಾನ್ಸರಿಗೆ, ಅದಕ್ಕಾಗಿ ಹಾಕಿಸಬೇಕಾದ್ದೇ. ಸ್ತನದ ಗಡ್ಡೆಗಳಲ್ಲಿ ಎಚ್‌ಪಿವಿ ಹುಡುಕಿದವರಿಗೂ ಒಬ್ಬೊಬ್ಬರಿಗೆ ಒಂದೊಂದು ಉತ್ತರ. ಭಾರತದಲ್ಲೇ 200ಕ್ಕೂ ಹೆಚ್ಚು ಗಡ್ಡೆಗಳನ್ನು ನೋಡಿ 2011ರಲ್ಲಿ ಪ್ರಕಟಿಸಿದವರಿಗೆ ಒಂದರಲ್ಲೂ ಸಿಗಲಿಲ್ಲ.

ಭದ್ರಾವತಿಯ ಅಕ್ಕ

ಇಷ್ಟೆಲ್ಲ ಹೇಳಿದರೂ ರೋಗಿಯ ಪ್ರಶ್ನೆ ಇದ್ದಲ್ಲೇ ಇತ್ತು. ಅತ್ತೆ, ಅತ್ತೆಯ ಮಗಳು, ತಾನು. ಒಂದೇ ಹಾಲು, ಮೂವರಿಗೂ ಕ್ಯಾನ್ಸರ್. ಅವರ ಮನೆಯ ಲೆಕ್ಕಕ್ಕೆ ಜಗತ್ತಿನ ಸರಾಸರಿ ಉತ್ತರವಾಗುವುದಿಲ್ಲ.

ಹಾಗಾಗಿ ಕಾಗದದ ಮೇಲೆ ವಂಶಾವಳಿ ಬರೆಯಲು ಕೂತೆವು. ಟ್ರಿಪಲ್ ನೆಗೆಟಿವ್ ಎಂದ ಕೂಡಲೇ ಆಸ್ಪತ್ರೆಯಲ್ಲಿ ಜೆನೆಟಿಕ್ ಕೌನ್ಸೆಲಿಂಗಿಗೆ, ಅಂದರೆ ವಂಶದಲ್ಲಿ ಇಳಿಯುವ ರೋಗದ ಸಲಹೆಗೆ, ಚೀಟಿ ಕೊಟ್ಟಿದ್ದರು, ‘ವೈರಸ್ಸಾದರೆ ಅದೇನು ಮಾಡೀತು’ ಎಂದು ಇವರು ಹೋಗಿರಲಿಲ್ಲ. ಅತ್ತೆಯ ಕಡೆಯ ಗೆರೆಗಳೆಲ್ಲ ಬಂದವು. ಅಪ್ಪ ಚಿಕ್ಕ ವಯಸ್ಸಿನಲ್ಲೇ ಟ್ರ್ಯಾಕ್ಟರ್ ಅಪಘಾತದಲ್ಲಿ ಹೋದವರು, ಅವರ ಚೌಕದೊಳಗೆ ಏನೂ ಇಲ್ಲ. ದೊಡ್ಡಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಸೇರಿ ಊರು ಬಿಟ್ಟವರು, ಆಸ್ತಿಯ ಜಗಳದಲ್ಲಿ ಹೋಗು–ಬರುವು ಕಡಿದುಹೋಗಿತ್ತು. ಅವರಿಗೆ ಮಕ್ಕಳು? “ಒಬ್ಬಾಕಿ ಮಗಳಿದ್ದಳ್ರೀ. ಆಕೀನೂ ತೀರಿಕೊಂಡ್ಳು.” ಏನಾಗಿ? ಇವರಿಗೆ ಗೊತ್ತಿಲ್ಲ. ಗಂಡ ರಾಣೆಬೆನ್ನೂರಿನ ಸಂಬಂಧಿಕರೊಬ್ಬರಿಗೆ ಫೋನು ಹಚ್ಚಿದರು. ಆಕೆ 38ಕ್ಕೆ, ಎದೆಯ ಕ್ಯಾನ್ಸರಿನಿಂದ.

ಆ ಅಕ್ಕ ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ. ಹಾನಗಲ್ಲಿನ ಮನೆಯಲ್ಲಿ ಇದ್ದವಳಲ್ಲ, ಅತ್ತೆಯ ಹಾಲು ಕುಡಿದವಳಲ್ಲ, ಆ ಕೊಟ್ಟಿಗೆಯ ನೊರೆಹಾಲನ್ನೂ ಕಂಡವಳಲ್ಲ. ಅವಳಿಗೂ ಅತ್ತೆಗೂ ನಡುವೆ ಇದ್ದದ್ದು ದೊಡ್ಡಪ್ಪ ಒಬ್ಬರೇ, ಗಂಡಸು. ರೋಗಿ ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಹಾಲಿನ ಎಳೆ ಅಲ್ಲಿಗೆ ತಲುಪುವುದಿಲ್ಲವೆಂದು ನಾನು ಬಿಡಿಸಿ ಹೇಳಬೇಕಾಗಲಿಲ್ಲ.

ಮುಂದಿನ ವಾರ ರಕ್ತ ಕೊಟ್ಟರು. ಬಿಆರ್‌ಸಿಎ1 ಜೀನಿನಲ್ಲಿ ರೋಗಕಾರಕ ದೋಷ ಎಂದು ವರದಿ ಬಂತು. 1994ರಲ್ಲಿ ಗುರುತಿಸಿದ ಈ ಜೀನಿನ ಕೆಲಸ ಹರಿದ ಡಿಎನ್ಎಯನ್ನು ರಿಪೇರಿ ಮಾಡುವುದು. ಅದು ಕೆಟ್ಟ ಮಹಿಳೆಗೆ 80 ವರ್ಷದೊಳಗೆ ಸ್ತನ ಕ್ಯಾನ್ಸರ್ ಬರುವ ಸಂಭವ ಸುಮಾರು ಶೇ. 72, ಅಂಡಾಶಯದ್ದು ಸುಮಾರು ಶೇ. 44. ಬರುವ ಸ್ತನ ಕ್ಯಾನ್ಸರ್ ಟ್ರಿಪಲ್ ನೆಗೆಟಿವ್ ಆಗಿರುವುದೇ ಹೆಚ್ಚು. ಅಪ್ಪನಿಂದಲೂ ಅಮ್ಮನಿಂದಲೂ ಸಮನಾಗಿ ಇಳಿಯುತ್ತದೆ. ಅತ್ತೆಯ ಮಗಳ ಅಂಡಾಶಯದ ಕ್ಯಾನ್ಸರೂ ಇದೇ ಲೆಕ್ಕಕ್ಕೆ ಬಂತು, ಹಾಲಿನ ವೈರಸ್ಸಿನ ಕತೆಯಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಎಲ್ಲ ಸ್ತನ ಕ್ಯಾನ್ಸರೂ ಹೀಗೆ ಅಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಹುಟ್ಟಿನಿಂದ ಬಂದ ಇಂಥ ದೋಷ ಕಾರಣವಾಗುವುದು ನೂರರಲ್ಲಿ ಐದು–ಹತ್ತು ಮಂದಿಗೆ.

ಬದಲಾದದ್ದು

ನೇಲ್ ಪಾಲಿಶ್ ಚುಕ್ಕೆಯನ್ನು ಮಗ ರಿಮೂವರ್ ಹಚ್ಚಿ ಒರೆಸಿದ. ಕ್ಯಾನ್ಸರ್ ತಾಟಿನಿಂದ ಹತ್ತುವುದಿಲ್ಲ, ಕಾರಣ ವೈರಸ್ಸೇ ಆಗಿದ್ದರೂ ಗಡ್ಡೆ ಹತ್ತುವುದಿಲ್ಲ. ಗರ್ಭಕಂಠದ ಕ್ಯಾನ್ಸರ್ ಆದವರ ಜತೆ ಕೂತು ಊಟ ಮಾಡುವುದಕ್ಕೆ ಯಾರೂ ಹೆದರಬೇಕಿಲ್ಲವಲ್ಲ. ಕೀಮೋ ಆದ ಮೊದಲ ಎರಡು ದಿನ ವಾಂತಿ, ಮೂತ್ರ ತೊಳೆಯುವವರು ಕೈಗೆ ಗ್ಲೌಸ್ ಹಾಕಬೇಕು, ಅದು ಔಷಧದ ಅಂಶಕ್ಕಾಗಿ. ವೈರಸ್ಸಿನ ಎಚ್ಚರ ಬೇಕಿದ್ದದ್ದು ತಿರುಗಾಮುರುಗಾ. ಕೀಮೋದಲ್ಲಿ ಬಿಳಿ ರಕ್ತಕಣ ಇಳಿದಿರುವಾಗ ನೆಗಡಿ ಹೊತ್ತುಕೊಂಡು ಹಾಲು–ಹಣ್ಣು ತರುವ ನೆಂಟರಿಂದ ಇವರನ್ನು ಕಾಯಬೇಕಿತ್ತು. ಆ ಒಂದು ಮಾತನ್ನು ಮಾತ್ರ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಶನಿವಾರ–ಭಾನುವಾರ ಮನೆ ತುಂಬ ಜನ.

ಮಗಳು ಕೂಸನ್ನು ಮತ್ತೆ ಎದೆಗೆ ಹಾಕಿಕೊಂಡಳು. ನಿಂತ ಹಾಲು ಕೇಳಿದಾಗ ಬರುವುದಿಲ್ಲ. ಎರಡು ತಾಸಿಗೊಮ್ಮೆ ಪಂಪು, ಕೂಸು ಬಾಟಲಿಗೆ ಒಗ್ಗಿಹೋಗಿ ರಚ್ಚೆ ಹಿಡಿದು ಅಳುವುದು, ಮೆಂತ್ಯದ ಗಂಜಿ, ಸಬ್ಬಸಿಗೆ. ಮೂರು ವಾರಕ್ಕೆ ಅರ್ಧದಷ್ಟು ಮರಳಿತು, ಉಳಿದರ್ಧ ಡಬ್ಬಿಯ ಪುಡಿಯಲ್ಲೇ ಉಳಿಯಿತು. ಈ ಹಟ ಯಾಕೆಂದರೆ, ಹಾಲು ಕುಡಿಸುವುದರಿಂದ ಕುಡಿಸುವ ತಾಯಿಯ ಅಪಾಯ ಇಳಿಯುತ್ತದೆ. 30 ದೇಶಗಳ 47 ಅಧ್ಯಯನಗಳನ್ನು ಒಟ್ಟು ಮಾಡಿ 2002ರಲ್ಲಿ ಕೊಟ್ಟ ಲೆಕ್ಕದಂತೆ ಕುಡಿಸಿದ ಪ್ರತಿ 12 ತಿಂಗಳಿಗೆ ಶೇ. 4.3ರಷ್ಟು. ಬಿಆರ್‌ಸಿಎ1 ದೋಷ ಇರುವವರಲ್ಲೂ ವರ್ಷಕ್ಕೂ ಹೆಚ್ಚು ಕುಡಿಸಿದವರಿಗೆ ಅಪಾಯ ಕಡಿಮೆ ಕಂಡಿದೆ. ಮಗಳೂ ಪರೀಕ್ಷೆ ಮಾಡಿಸಿದಳು, ಆ ದೋಷ ಅವಳಿಗೂ ಬಂದಿದೆ. 25 ವರ್ಷ. ವರ್ಷಕ್ಕೊಮ್ಮೆ ಎಂಆರ್‌ಐ ಶುರುವಾಗಿದೆ, 30ರಿಂದ ಮ್ಯಾಮೋಗ್ರಾಮ್ ಸೇರುತ್ತದೆ, 35 ದಾಟಿದ ಮೇಲೆ ಅಂಡಾಶಯ ತೆಗೆಸುವ ಮಾತು ಬರುತ್ತದೆ. ಇನ್ನೊಂದು ಮಗು ಬೇಕಿದ್ದರೆ ಅಷ್ಟರೊಳಗೆ ಎಂದು ಕೌನ್ಸೆಲರ್ ಹೇಳಿದ್ದಾರೆ.

ರೋಗಿಯ ಶಸ್ತ್ರಕ್ರಿಯೆ ಆಯಿತು. ಕೀಮೋ ಆದಮೇಲೂ ಸ್ವಲ್ಪ ಗಡ್ಡೆ ಉಳಿದಿತ್ತು. ಬಿಆರ್‌ಸಿಎ ದೋಷ ಇರುವವರಿಗೆ ಇಂಥ ಸ್ಥಿತಿಯಲ್ಲಿ ಒಂದು ವರ್ಷ ಒಲಾಪರಿಬ್ ಮಾತ್ರೆ ಕೊಟ್ಟರೆ ರೋಗ ಮರುಕಳಿಸುವುದು ಕಡಿಮೆಯಾಗುತ್ತದೆಂದು 2021ರಲ್ಲಿ ತಿಳಿದಿದೆ. ಅದನ್ನು ಈಗ ನುಂಗುತ್ತಿದ್ದಾರೆ, ರಕ್ತಹೀನತೆ ಬಿಟ್ಟರೆ ಓಡಾಡಿಕೊಂಡಿದ್ದಾರೆ. ಆ ರಕ್ತಪರೀಕ್ಷೆಗೆ ಹೋಗದೆ ಇದ್ದಿದ್ದರೆ ಈ ಮಾತ್ರೆ ಕೈಗೆ ಬರುತ್ತಿರಲಿಲ್ಲ.

ತೆರೆದೇ ಉಳಿದ ವಿಷಯ ರೋಗಿಯ ತಮ್ಮನದು. ಹುಬ್ಬಳ್ಳಿಯಲ್ಲಿ ಅಂಗಡಿ, ವಯಸ್ಸಿಗೆ ಬಂದ ಇಬ್ಬರು ಹೆಣ್ಣುಮಕ್ಕಳು. ಅವನಿಗೂ ದೋಷ ಬಂದಿರುವ ಸಂಭವ ಅರ್ಧಕ್ಕರ್ಧ. ಅಕ್ಕ ಫೋನು ಮಾಡಿದಾಗಲೆಲ್ಲ, ಅವನು ಹೇಳುವುದು ಒಂದೇ: “ನನಗ್ಯಾಕ ಬೇಕಬೇ, ಗಂಡಸರಿಗೆಲ್ಲಿಂದ ಬರ್ತದ ಅದು? ಹುಡುಗೀರ ಲಗ್ನ ಆಗಬೇಕು.” ದೀಪಾವಳಿಗೆ ಊರಿಗೆ ಹೋಗುವಾಗ ಆ ವಂಶಾವಳಿಯ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಒಯ್ಯುತ್ತಾರಂತೆ. ಮಾತು ನೇರ ಹುಡುಗಿಯರ ಹತ್ತಿರವೇ ಆಡುವುದೋ, ಮೊದಲು ತಮ್ಮನ ಹೆಂಡತಿಯ ಹತ್ತಿರವೋ ಎಂಬುದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.